ನೀರುನಾಯಿ ಮತ್ತು ಕಾಡುಪಾಪ: ಒಂದು ತೌಲನಿಕ ವಿವೇಚನೆ

ಪ್ರಾಂತವೊಂದರ ಚರಿತ್ರೆಯನ್ನು ಬರೆಯುವಾಗ ನಾವು ಕೋಟೆ, ದೇವಾಲಯ, ಶಾಸನಗಳನ್ನು ಪರಿಶೀಲಿಸುತ್ತೇವೆ. ಅಲ್ಲಿಯ ಪ್ರಾಣಿಗಳತ್ತ ದೃಷ್ಟಿ ಹರಿಸುವುದು ವಿರಳ. ಆದರೆ ಮನುಷ್ಯನು ನೆಲ ಜಲಗಳನ್ನು ಬಳಸಿಕೊಂಡ ಬಗೆಯೂ ಚರಿತ್ರೆಯೇ ಆಗಿದೆ. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಲ್ಲಿ ಹೊಳೆಯ ಸೀಮೆಯೂ ಒಣಸೀಮೆಯೂ ಸೇರಿವೆ. ಈ ಎರಡು ಬಗೆಯ ಸೀಮೆಗಳಿಗೆ ಒಗ್ಗಿದ ಎರಡು ಚಿಕ್ಕ ಸ್ತನಿಗಳನ್ನು ಇಲ್ಲಿ ಹೋಲಿಸಲಾಗಿದೆ.

ನುಣುಪು ತುಪ್ಪಳದ ನೀರುನಾಯಿ ಕಾವೇರಿಯ ಜೀವಿ. ಇದರ ತೂಕ 7ರಿಂದ 11 ಕಿಲೋಗ್ರಾಂ; ಮುಖ್ಯ ಆಹಾರ ಮೀನು. ಕುಟುಂಬಸಮೇತ ಸಂಚರಿಸಿ, ದಡದ ಬಿಲಗಳಲ್ಲಿ ಮರಿ ಮಾಡುತ್ತದೆ. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿನಲ್ಲಿ ಇದನ್ನು ಕಾಣಬಹುದು. 1940ರಲ್ಲಿ ಆ ನಡುಗಡ್ಡೆಗಳಿಗೆ ರಕ್ಷಣೆ ದೊರೆತದ್ದು ಪಕ್ಷಿಗಳ ಸಲುವಾಗಿ. ಅದರ ಫಲ ನೀರುನಾಯಿಗೂ ಲಭಿಸಿತು.

ಕಾಡುಪಾಪವಾದರೋ ವಾನರಗಳ ದೂರದ ಬಂಧು. ತೂಕ ಸುಮಾರು ಕಾಲು ಕಿಲೋಗ್ರಾಂ. ರಾತ್ರಿಯಲ್ಲಿ ಸಂಚರಿಸಿ ಹುಳುಹುಪ್ಪಟೆಗಳನ್ನು ತಿನ್ನುತ್ತದೆ. ನಾಗಮಂಗಲಕ್ಕೆ ನೆರೆಯಾದ ತುಮಕೂರು ಜಿಲ್ಲೆಯ ನಾಗವಲ್ಲಿಯು ಈ ಪ್ರಾಣಿಗೆ ಹೆಸರಾಗಿದೆ. ಇದು ನೆಗೆಯಲಾರದು, ಕೊಂಬೆಗೆ ಕೊಂಬೆ ತಾಗಿದ್ದರೆ ಮಾತ್ರ ಮರದಿಂದ ಮರಕ್ಕೆ ಹೋಗಬಲ್ಲದು. ಆದ್ದರಿಂದ ಬೇಲಿಸಾಲಿನಲ್ಲಿ ಒಂದು ಮರ ಉರುಳಿದರೂ ಅದರ ದಾರಿ ಕಡಿದುಹೋಗುತ್ತದೆ. ನೆಲಕ್ಕಿಳಿದರೆ ನಾಯಿಗಳ ಭಯ, ವಾಹನಗಳ ಭಯ. ಮಾಟಮಂತ್ರದ ಮೂಢನಂಬಿಕೆಯಿಂದ ಹಿಡಿದು ಹಿಂಸಿಸುವುದೂ ಉಂಟು.

ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪುಪಟ್ಟಿಯಲ್ಲಿ ನೀರುನಾಯಿಯು ‘ಅಪಾಯಕ್ಕೀಡಾಗಬಲ್ಲ’ ವರ್ಗಕ್ಕೂ, ಕಾಡುಪಾಪವು ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ‘ಅಪಾಯದ ಸಮೀಪದ’ ವರ್ಗಕ್ಕೂ ಸೇರಿವೆ. 2019ರಲ್ಲಿ ಈ ನೀರುನಾಯಿಯ ಅಂತರರಾಷ್ಟ್ರೀಯ ವ್ಯಾಪಾರವು ನಿಷಿದ್ಧವಾಯಿತು. ಭಾರತದ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕಾಡುಪಾಪಕ್ಕೆ ಅತ್ಯುನ್ನತ ರಕ್ಷಣೆ ನೀಡಿದೆ. 2022ರ ತಿದ್ದುಪಡಿಯಿಂದ ನೀರುನಾಯಿಯೂ ಅದೇ ಪಟ್ಟಿಗೆ ಏರಿತು.

ಹಾಗಾದರೆ ಕೆಂಪುಪಟ್ಟಿಯ ಕೆಳವರ್ಗದಲ್ಲಿರುವ ಕಾಡುಪಾಪವು ಹೆಚ್ಚು ಸುರಕ್ಷಿತವೆ? ಈ ಅನುಮಾನವು ಸಾಧುವಲ್ಲ. ವರ್ಗೀಕರಣವು ಇಡೀ ಜಾತಿಯ ಸ್ಥಿತಿಯನ್ನು ಹೇಳುತ್ತದೆಯೇ ಹೊರತು ಒಂದೊಂದು ಊರಿನದನ್ನಲ್ಲ. ನೀರುನಾಯಿಗೆ ಬೇಕಾದುದು ಹೊಳೆಯ ನೀರು, ಮೀನು, ಮರಳು ತೆಗೆಯದ ದಡ. ಇವನ್ನು ಧಾಮದ ಗಡಿಯೊಳಗೆ ಒಂದು ಮಟ್ಟಿಗೆ ಕಾಯಬಹುದು. ಕಾಡುಪಾಪವು ಅನೇಕ ಕಡೆ ವಾಸಿಸುವುದು ಊರಂಚಿನ ತೋಪಿನಲ್ಲಿ, ಹೊಲದ ಬದುವಿನ ಮರಗಳಲ್ಲಿ. ಅದಕ್ಕಾಗಿಯೇ ಮೀಸಲಾದ ದೇಶದ ಮೊದಲ ಅಭಯಾರಣ್ಯವು ತಮಿಳುನಾಡಿನ ಕಡವೂರಿನಲ್ಲಿ ಸ್ಥಾಪಿತವಾದದ್ದು 2022ರಷ್ಟು ಈಚೆಗೆ.

ಆದಕಾರಣ ಒಂದರ ಉಳಿವು ಬಹುಮಟ್ಟಿಗೆ ಸರ್ಕಾರದ ಕೈಯಲ್ಲಿದ್ದರೆ, ಇನ್ನೊಂದರ ಉಳಿವು ಬದುವಿನ ಮರವನ್ನು ಕಡಿಯದೆ ಬಿಡುವ ರೈತನ ಕೈಯಲ್ಲಿದೆ. ಇದನ್ನು ನಮ್ಮ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳಲ್ಲಿ ತಿಳಿಯಹೇಳುವುದು ಅವಶ್ಯಕವೆಂದು ನಾವು ಭಾವಿಸುತ್ತೇವೆ.