ಬರಗಾಲದ ಕೂಲಿಯಿಂದ ಎದ್ದ ಚರ್ಚು

ನಮ್ಮ ಕೊಡಂಗಲ್, ತಾಂಡೂರು ಸೀಮೆ 1956ರ ನವೆಂಬರ್ 1ರ ತನಕ ಗುಲಬರ್ಗಾ ಜಿಲ್ಲೆಯದೇ. ಜಹೀರಾಬಾದ್, ನಾರಾಯಣಖೇಡ ಬೀದರಿನವು. ರಾಜ್ಯ ಬದಲಾಯಿತು, 2016ರಲ್ಲಿ ನಮ್ಮ ದೌಲತಾಬಾದಿನ ಜಿಲ್ಲೆಯೂ ಬದಲಾಗಿ ವಿಕಾರಾಬಾದ್ ಆಯಿತು. ಮಂದಿಯ ಓಡಾಟ ಮಾತ್ರ ನಿಲ್ಲಲಿಲ್ಲ. ತೊಗರಿ ಮಾರಲು ತಾಂಡೂರು, ಬೀಗತನಕ್ಕೆ ಸೇಡಂ. ದೇವರಿಗೂ ಹಾಗೇ.

ಈ ಸೀಮೆಯ ಹಳ್ಳಿ ಚರ್ಚುಗಳ ಹಿಂದೆ ಎರಡು ಮಿಷನ್ ಉಂಟು. ಬೀದರ್, ಜಹೀರಾಬಾದ್, ವಿಕಾರಾಬಾದ್ ಕಡೆ ಅಮೆರಿಕದ ಮೆಥಡಿಸ್ಟರು. ಮೆದಕ್ ಕಡೆ ಇಂಗ್ಲೆಂಡಿನ ವೆಸ್ಲಿಯನ್ನರು. 1947ರಲ್ಲಿ ವೆಸ್ಲಿಯನ್ನರು ದಕ್ಷಿಣ ಭಾರತ ಸಭೆಗೆ ಸೇರಿದರು, ಅಮೆರಿಕದವರು ಬೇರೆಯಾಗೇ ಉಳಿದರು. ಪಕ್ಕಪಕ್ಕದ ಊರಿನ ಚರ್ಚುಗಳ ಬೋರ್ಡು ಬೇರೆ ಬೇರೆ ಇರೋದು ಅದಕ್ಕೇ.

ಮೆದಕ್ ದೊಡ್ಡ ಚರ್ಚು ಕಟ್ಟಿಸಿದವರು ಚಾರ್ಲ್ಸ್ ವಾಕರ್ ಪಾಸ್ನೆಟ್. 1914ರಲ್ಲಿ ಕೆಲಸ ಸುರುವಾಗಿ, 1924ರ ಡಿಸೆಂಬರ್ 25ಕ್ಕೆ ಪ್ರತಿಷ್ಠೆಯಾಯಿತು. ಉದ್ದ 200 ಅಡಿ, ಅಗಲ 100 ಅಡಿ, ಗೋಪುರ 175 ಅಡಿ. ಬರ ಬಿದ್ದು ಹೊಟ್ಟೆಗಿಲ್ಲದಾಗ ಪುಕ್ಕಟೆ ಅನ್ನ ಹಾಕದೆ, ಕೆಲಸ ಕೊಟ್ಟು ಕೂಳು ಕೊಟ್ಟರು. ಒಕ್ಕಲಿಗನಿಗೆ ಇದರ ಬೆಲೆ ಬ್ಯಾರೆ ಹೇಳಬೇಕಾಗಿಲ್ಲ. ಬೇಡಿ ತಿಂದರೆ ತಲೆ ತಗ್ಗುತ್ತದೆ, ದುಡಿದು ತಿಂದರೆ ತಲೆ ಎತ್ತುತ್ತದೆ. ಊರ ಬಾವಿಗೆ ಕೊಡ ಇಳಿಸಲು ಬಿಡದ ಮಂದಿ ಆ ಗೋಪುರಕ್ಕೆ ಕಲ್ಲು ಹೊತ್ತರು, ಅದರ ಕೆಳಗೆ ಕೂತು ಪ್ರಾರ್ಥನೆ ಮಾಡಿದರು.

ವಿಕಾರಾಬಾದ್ ಹತ್ತಿರದ ಧಾರೂರಿನಲ್ಲಿ ನವೆಂಬರ್ ತಿಂಗಳು ಮೆಥಡಿಸ್ಟರ ಜಾತ್ರೆ ಕೂಡುತ್ತದೆ. ಕರ್ನಾಟಕದಿಂದಲೂ ಮಂದಿ ಹೋಗಿ ಬಿಡಾರ ಹೂಡುತ್ತಾರೆ. ಕನ್ನಡದವರು ಸುಗ್ಗಿ ಹಬ್ಬ ಅಂದದ್ದನ್ನೇ ತೆಲುಗಿನವರು ಕೋತ ಪಂಡುಗ ಅಂತಾರೆ. ಮೊದಲ ಫಸಲು ಚರ್ಚಿಗೆ ತಂದು ಸವಾಲು ಕೂಗೋದು ಎರಡೂ ಕಡೆ ಒಂದೇ. ಎರಡೂ ಭಾಷೆಯಲ್ಲಿ ಪದ್ಯ ಕಟ್ಟುವ ನನಗೆ, ಒಂದೇ ಜೋಳದ ತೆನೆಗೆ ಎರಡು ಹೆಸರು ಇದ್ದಂತೆ ಕಾಣುತ್ತದೆ.

ಮೆದಕ್ ಚರ್ಚಿಗೆ 2024ರಲ್ಲಿ ನೂರು ತುಂಬಿತು. ಅದರ ಚರಿತ್ರೆ ಬರೆದಿದ್ದಾರೆ. ಹಳ್ಳಿ ಚರ್ಚುಗಳದ್ದು ಯಾರು ಬರೆದಾರು? ಯಾವ ಗಂವಠಾಣದಲ್ಲಿ ಗುಡಿಸಲು ಹಾಕಿದರು, ಗಂಟೆ ಯಾರು ತಂದರು, ಮೊದಲು ಕನ್ನಡದಲ್ಲಿ ಹಾಡಿದರೋ ತೆಲುಗಿನಲ್ಲೋ, ಇದೆಲ್ಲ ಮುದುಕರ ಬಾಯಲ್ಲಿದೆ. ಅವರ ಸಂಗಡವೇ ಹೋಗುತ್ತದೆ. ದೀಕ್ಷಾಸ್ನಾನದ ಹಳೇ ರಿಜಿಸ್ಟರು ಇದ್ದಲ್ಲಿ ಗೆದ್ದಲು ಹಿಡಿಯುವ ಮೊದಲೇ ಝೆರಾಕ್ಸ್ ಮಾಡಿಸಿ ಇಡಬೇಕು. ಅಪ್ಪನ ಹೆಸರು, ಊರ ಹೆಸರು ಬರೆದಿಟ್ಟ ಕಾಗದ ಬಡವರ ಮನೆಯಲ್ಲಿ ಅದೊಂದೇ ಇದ್ದೀತು. ಯಾವ ಜಾತಿ, ಯಾವ ಮತದವರಾದರೂ ಊರಿನ ಓದುಬರಹ ಬಲ್ಲ ಹುಡುಗರು ಈ ಕೆಲಸಕ್ಕೆ ಕೈ ಹಾಕಲಿ.