ಸೊನ್ನೆ ಬಂದರೆ ಪಾಸು!

ಪರೀಕ್ಷೆಯಲ್ಲಿ ಮಗ ಸೊನ್ನೆ ತಂದರೆ ನಮ್ಮ ಮನೆಗಳಲ್ಲಿ ಅಂದು ಯಾರಿಗೂ ಊಟ ರುಚಿಸದು. ಯುನಿಕ್ಸ್, ಲಿನಕ್ಸ್ ಕಂಪ್ಯೂಟರುಗಳ ಲೋಕದಲ್ಲಿ ಮಾತ್ರ ಸೊನ್ನೆಯೇ ಶುಭ. ಅಲ್ಲಿ ಕಮಾಂಡ್ ಲೈನಿನಿಂದ ನಡೆಸಿದ ಪ್ರತಿಯೊಂದು ಪ್ರೋಗ್ರಾಮೂ ಮುಗಿಯುವಾಗ 0ರಿಂದ 255ರವರೆಗಿನ ಒಂದು ಅಂಕಿಯನ್ನು ಒಪ್ಪಿಸಿ ಹೋಗುತ್ತದೆ. ಅದೇ ‘ಎಕ್ಸಿಟ್ ಸ್ಟೇಟಸ್’, ಅಂದರೆ ನಿರ್ಗಮನ ಸಂಕೇತ. ಕೆಲಸ ಸರಿಯಾಗಿ ಆಯಿತೆನ್ನಲು ಒಂದೇ ಅಂಕಿ ಸಾಕು. ಆಗದಿರಲು ಕಾರಣಗಳು ಹಲವು. ಆದ್ದರಿಂದಲೇ ಯಶಸ್ಸಿಗೆ ಸೊನ್ನೆ ಮೀಸಲು.

ಇಂಗ್ಲೆಂಡಿನಲ್ಲಿರುವ ವೈದ್ಯನಿಗೆ ಇದರ ಗೊಡವೆ ಏಕೆಂದು ನೀವು ಕೇಳಬಹುದು. ಸಂಶೋಧನೆಗೆಂದು ಹೊರದೇಶಕ್ಕೆ ಹೊರಡುವ ನಮ್ಮ ಯುವ ವೈದ್ಯರಿಗೂ ಇಂದು ರೋಗಿಗಳ ಅಂಕಿಅಂಶಗಳನ್ನು ಇಂಥ ಸ್ಕ್ರಿಪ್ಟುಗಳ ಮೂಲಕ ಸಂಸ್ಕರಿಸುವ ಪ್ರಸಂಗ ಒದಗುತ್ತದೆ. ಅಲ್ಲಿ ಈ ಅಂಕಿಯನ್ನು ಓದಲು ಬಾರದಿದ್ದರೆ ಅಪಾಯವುಂಟು.

ಕಡತದಲ್ಲಿ ಪದವನ್ನು ಹುಡುಕುವ ‘ಗ್ರೆಪ್’ ಎಂಬ ಸಾಧನವನ್ನೇ ನೋಡಿ. ಪದ ಸಿಕ್ಕರೆ 0, ಸಿಗದಿದ್ದರೆ 1, ಕಡತವನ್ನು ತೆರೆಯಲಾಗದಂಥ ದೋಷವಾದರೆ 2. ಇಲ್ಲಿ 1 ಎಂಬುದು ದೋಷವಲ್ಲ, ಉತ್ತರ. ‘ರಕ್ತದಲ್ಲಿ ಮಲೇರಿಯಾ ರೋಗಾಣು ಕಾಣಲಿಲ್ಲ’ ಎನ್ನುವುದಕ್ಕೂ ‘ಮಾದರಿ ಕೆಟ್ಟಿದ್ದರಿಂದ ಪರೀಕ್ಷೆಯೇ ನಡೆಯಲಿಲ್ಲ’ ಎನ್ನುವುದಕ್ಕೂ ಇರುವ ಅಂತರವೇ 1 ಮತ್ತು 2ರ ನಡುವೆ ಇದೆ. ಪೆನಿಸಿಲಿನ್ ಒಗ್ಗದವರ ಪಟ್ಟಿಯಲ್ಲಿ ರೋಗಿಯ ಸಂಖ್ಯೆಯನ್ನು ಹುಡುಕಿ, 0 ಬಾರದಿದ್ದರೆ ‘ಅಲರ್ಜಿ ಇಲ್ಲ’ ಎಂದು ಬರೆಯುವ ಸ್ಕ್ರಿಪ್ಟೊಂದಿದೆ ಎಂದು ಭಾವಿಸಿ. ಪಟ್ಟಿಯ ಕಡತವೇ ಕಾಣೆಯಾದ ದಿನ ಅದು ಎಲ್ಲ ರೋಗಿಗಳಿಗೂ ‘ಅಲರ್ಜಿ ಇಲ್ಲ’ ಎಂದೇ ಬರೆದೀತು!

ಎರಡು ಕಡತಗಳನ್ನು ಹೋಲಿಸುವ ‘ಡಿಫ್’ ಕೂಡ ಇದೇ ಜಾಡಿನದು: ಒಂದೇ ಆಗಿದ್ದರೆ 0, ಭಿನ್ನವಾಗಿದ್ದರೆ 1, ತೊಂದರೆಯಾದರೆ 2. ಇನ್ನು ‘ಬ್ಯಾಶ್’ ಶೆಲ್ ಕೊಡುವ ಕೆಲವು ಅಂಕಿಗಳನ್ನೂ ನೆನಪಿಡಬೇಕು. 127 ಬಂದರೆ ಅಂಥ ಕಮಾಂಡ್ ಸಿಗಲಿಲ್ಲವೆಂದು ಅರ್ಥ; 126 ಬಂದರೆ ಸಿಕ್ಕಿತು, ಆದರೆ ನಡೆಸಲಾಗಲಿಲ್ಲವೆಂದು. ಸಿಗ್ನಲ್ ತಗುಲಿ ಪ್ರೋಗ್ರಾಂ ಕೊನೆಗೊಂಡಿದ್ದರೆ 128ಕ್ಕೆ ಆ ಸಿಗ್ನಲ್ಲಿನ ಸಂಖ್ಯೆ ಕೂಡುತ್ತದೆ. ಕಂಟ್ರೋಲ್-ಸಿ ಒತ್ತಿ ನಿಲ್ಲಿಸಿದರೆ 130. ಬಲವಂತವಾಗಿ ಕೊಂದಿದ್ದರೆ 137. ಮೆಮೊರಿ ಸಾಲದಾದಾಗ ಲಿನಕ್ಸ್ ಹೀಗೆ ಕೊಲ್ಲುವುದುಂಟು.

ಅಂಕಿಯನ್ನು ತಿಳಿಯಲು ‘ಎಕೋ’ ಕಮಾಂಡಿನ ಮುಂದೆ $? ಚಿಹ್ನೆಗಳನ್ನು ಬರೆದರಾಯಿತು. ಆದರೆ ಒಡನೆಯೇ ನೋಡಬೇಕು. ನಡುವೆ ಬೇರೆ ಕಮಾಂಡ್ ನಡೆಸಿದರೆ ಹಳೆಯ ಅಂಕಿ ಅಳಿಸಿಹೋಗುತ್ತದೆ. ಹಲವು ಕಮಾಂಡುಗಳನ್ನು ಪೈಪಿನಿಂದ ಜೋಡಿಸಿದಾಗ ಸಾಮಾನ್ಯವಾಗಿ ಕೊನೆಯದರ ಅಂಕಿಯಷ್ಟೇ ಕಾಣುತ್ತದೆ. ಮೊದಲನೆಯದು ಸೋತು ಕೊನೆಯದು ಗೆದ್ದರೂ ಫಲಿತಾಂಶ ಸೊನ್ನೆಯೇ! ಬ್ಯಾಶ್‌ನಲ್ಲಿ ‘ಪೈಪ್‌ಫೇಲ್’ ಆಯ್ಕೆಯನ್ನು ಜಾರಿಗೊಳಿಸಿದರೆ ನಡುವಿನ ಸೋಲೂ ಬಯಲಾಗುತ್ತದೆ.

ಮೌನ ಸಮ್ಮತಿಯ ಲಕ್ಷಣವೆನ್ನುತ್ತಾರೆ. ಪರದೆಯ ಮೌನಕ್ಕೆ ಅದು ಸಲ್ಲದು. ಹೊರದೇಶದ ಕೆಲಸಕ್ಕೆ ಸಿದ್ಧರಾಗುತ್ತಿರುವವರು ಯಾವುದೇ ಸಾಧನವನ್ನು ಬಳಸುವ ಮುನ್ನ ಅದರ ಕೈಪಿಡಿಯಲ್ಲಿ ‘ಎಕ್ಸಿಟ್ ಸ್ಟೇಟಸ್’ ಭಾಗವನ್ನು ಓದಿಕೊಳ್ಳಿ. ‘ಇಲ್ಲ’ ಎಂಬುದಕ್ಕೂ ‘ನೋಡಲಾಗಲಿಲ್ಲ’ ಎಂಬುದಕ್ಕೂ ಆ ಸಾಧನ ಯಾವ ಅಂಕಿಗಳನ್ನು ಕೊಡುತ್ತದೆಂದು ತಿಳಿದ ಮೇಲೆಯೇ ಸ್ಕ್ರಿಪ್ಟ್ ಬರೆಯಿರಿ.