ಹೆಸರು ಕೇಳದ ಬಾಗಿಲು

ದೆಹಲಿಯ ಆರು ಸರ್ಕಾರಿ ಶಾಲೆಗಳಲ್ಲಿ ಕೆಲವು ವರ್ಷಗಳ ಹಿಂದೆ ಒಂದು ಪ್ರಯೋಗ ನಡೆಯಿತು. ‘ಶಾಲೆಯಲ್ಲಿ ಆಪ್ತಸಮಾಲೋಚಕರಿದ್ದಾರೆ’ ಎಂದು ಇಡೀ ಶಾಲೆಗೆ ತಿಳಿಸುವ ಮಾಮೂಲಿ ಕ್ರಮ ಎಲ್ಲ ಕಡೆ ಇತ್ತು. ಮೊದಲ ಹಂತದಲ್ಲಿ ಕೆಲವು ತರಗತಿಗಳಿಗೆ ಮಾತ್ರ ಸಮಾಲೋಚಕರೇ ಹೋದರು. ಒಂದು ಪೀರಿಯಡ್ಡಿನಲ್ಲಿ ಪುಟ್ಟ ಆನಿಮೇಷನ್ ಚಿತ್ರ ತೋರಿಸಿದರು, ಮಕ್ಕಳ ಜೊತೆ ಮಾತಾಡಿದರು, ತಮ್ಮನ್ನು ಕಾಣುವುದು ಹೇಗೆಂದು ಹೇಳಿದರು. ಆ ತರಗತಿಗಳಿಂದ ನೆರವು ಕೇಳಿ ಬಂದ ಮಕ್ಕಳ ಪ್ರಮಾಣ ಬಹಳ ಹೆಚ್ಚಿತ್ತು. ಬಂದವರಲ್ಲಿ ಬಹುತೇಕರನ್ನು ಯಾವ ಮೇಷ್ಟರೂ ಕಳಿಸಿರಲಿಲ್ಲ, ಅವರು ತಾವಾಗಿಯೇ ಬಂದಿದ್ದರು.

ಮಾನಸಿಕ ಆರೋಗ್ಯ ಕ್ಷೇತ್ರದ ‘ಸಂಗತ್’ ಸಂಸ್ಥೆಯ ‘ಪ್ರೈಡ್’ ಯೋಜನೆಯಡಿ ನಡೆದ ಈ ಪ್ರಯೋಗ ಒಂದು ಹಳೆಯ ನಂಬಿಕೆಯನ್ನು ಅಲುಗಾಡಿಸುತ್ತದೆ. ಹದಿಹರೆಯದವರು ಮನಸ್ಸಿನ ಕಷ್ಟ ಹೇಳಿಕೊಳ್ಳುವುದಿಲ್ಲ ಎನ್ನುತ್ತೇವೆ. ಆದರೆ ಕೇಳುವ ದಾರಿ ಕಣ್ಣಿಗೆ ಕಂಡರೆ, ಯಾರನ್ನು ಕೇಳುತ್ತಿದ್ದೇವೆಂದು ಗೊತ್ತಾದರೆ, ಅವರು ಕೇಳುತ್ತಾರೆ.

ಈ ವಯಸ್ಸಿನಲ್ಲೇ ಯಾಕೆ ಇಷ್ಟು ಕಾಳಜಿ? ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 10ರಿಂದ 19 ವರ್ಷದವರಲ್ಲಿ ಏಳರಲ್ಲೊಬ್ಬರಿಗೆ ಯಾವುದಾದರೂ ಮಾನಸಿಕ ತೊಂದರೆ ಇದೆ. ದೊಡ್ಡವರಲ್ಲಿ ಕಾಣುವ ಮಾನಸಿಕ ಕಾಯಿಲೆಗಳಲ್ಲೂ ಸುಮಾರು ಅರ್ಧ 18 ವರ್ಷದೊಳಗೆ ಶುರುವಾಗಿರುತ್ತವೆ. ಬೆಂಗಳೂರಿನ ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 13ರಿಂದ 17 ವರ್ಷದವರಲ್ಲಿ ಶೇ. 7.3ರಷ್ಟು ಮಂದಿಗೆ ಇಂಥ ತೊಂದರೆ ಗುರುತಿಸಿತ್ತು.

ಮಾಹಿತಿಗೇನೂ ಬರವಿಲ್ಲ. ಫೋನಿನಲ್ಲಿ ಹುಡುಕಿದರೆ ಪುಟಗಟ್ಟಲೆ ಬರುತ್ತದೆ. ಆದರೆ ಅದರಲ್ಲಿ ಹೆಚ್ಚಿನದು ರೋಗದ ಹೆಸರು, ಲಕ್ಷಣಗಳ ಪಟ್ಟಿ, ಕೊನೆಗೆ ‘ವೈದ್ಯರನ್ನು ಕಾಣಿ’ ಎಂಬ ಸಾಲು. ಗಣಿತದ ಟೆಸ್ಟಿಗೆ ಎರಡು ದಿನ ಇರುವಾಗ ರಾತ್ರಿಯೆಲ್ಲ ನಿದ್ದೆ ಬಾರದ ಹುಡುಗಿ ಯಾವ ರೋಗದ ಹೆಸರನ್ನೂ ಹುಡುಕುವುದಿಲ್ಲ. ಅವಳ ಕೈಲಿರುವ ಫೋನು ಅಮ್ಮನದೋ ಅಣ್ಣನದೋ ಆಗಿರಬಹುದು. ಹುಡುಕಿದ್ದೆಲ್ಲ ಅದರಲ್ಲಿ ಉಳಿದಿರುತ್ತದೆ ಎಂಬ ಅಳುಕೂ ಅವಳಿಗಿದೆ.

ಈ ಅಡಚಣೆಗಳನ್ನು ಮಕ್ಕಳ ಬಾಯಿಂದಲೇ ಕೇಳಿ ರೂಪಿಸಿದ್ದು ‘ಪಾಡ್ ಅಡ್ವೆಂಚರ್ಸ್’ ಎಂಬ ಮೊಬೈಲ್ ಆಟ. ಇದೂ ಸಂಗತ್‌ನವರದೇ, ನಮ್ಮ ನೆರೆಯ ಗೋವಾದ ಪ್ರೌಢಶಾಲೆಗಳಲ್ಲಿ ಬಳಕೆಗೆ ಬಂತು. ವಿನ್ಯಾಸದ ಕಮ್ಮಟಗಳಲ್ಲಿ ಹದಿಹರೆಯದವರೇ ಕೂತಿದ್ದರು. ಆಟದ ಪಾತ್ರಗಳಿಗೆ ಇವರದೇ ವಯಸ್ಸಿನ ಕಷ್ಟಗಳಿವೆ. ಮೊದಲು ಆ ಪಾತ್ರಗಳ ಸಮಸ್ಯೆ ಬಿಡಿಸಬೇಕು: ತೊಂದರೆ ಏನೆಂದು ಗುರುತಿಸು, ಏನೇನು ಮಾಡಬಹುದು ಯೋಚಿಸು, ಒಂದನ್ನು ಆರಿಸಿ ಮಾಡಿ ನೋಡು. ಕೈ ಪಳಗಿದ ಮೇಲೆ ಅದೇ ಹೆಜ್ಜೆಗಳನ್ನು ತನ್ನ ಸ್ವಂತ ಸಮಸ್ಯೆಗೆ ಹಚ್ಚುವ ಭಾಗ ತೆರೆದುಕೊಳ್ಳುತ್ತದೆ. ಎಲ್ಲರ ಬಳಿ ಸ್ವಂತ ಫೋನಿಲ್ಲ, ಒಂಟಿಯಾಗಿ ಆಟ ಮುಗಿಸುವುದೂ ಕಷ್ಟ. ಹಾಗಾಗಿ ಶಾಲೆಯಲ್ಲೇ ಫೋನು ಕೊಟ್ಟು, ಪಕ್ಕದಲ್ಲೊಬ್ಬ ಸಮಾಲೋಚಕರನ್ನು ಕೂರಿಸಿದರು. ಆ್ಯಪ್ ಎಂದರೆ ಮನುಷ್ಯರ ಕೆಲಸ ಉಳಿಸುವ ಉಪಾಯ ಎಂದುಕೊಂಡವರು ಈ ತೀರ್ಮಾನವನ್ನು ಗಮನವಿಟ್ಟು ನೋಡಬೇಕು.

ಅಮೆರಿಕದಲ್ಲಿ ಮನೋವಿಜ್ಞಾನಿ ಜೆಸಿಕಾ ಶ್ಲೈಡರ್ ಅವರ ತಂಡ ಹಿಡಿದದ್ದು ಬೇರೆ ದಾರಿ. ಹದಿಹರೆಯದವರು ಎಲ್ಲಿದ್ದಾರೋ ಅಲ್ಲಿಗೇ, ಅಂದರೆ ಇನ್‌ಸ್ಟಾಗ್ರಾಂಗೆ ತಂಡ ಹೋಯಿತು. ಖಿನ್ನತೆಯ ಲಕ್ಷಣಗಳಿದ್ದ 13ರಿಂದ 16 ವರ್ಷದ 2,452 ಮಂದಿ ಪ್ರಯೋಗದಲ್ಲಿ ಸೇರಿದರು. ಅವರಲ್ಲಿ ಒಂದು ಗುಂಪಿಗೆ ಕೊಟ್ಟದ್ದು ಸುಮಾರು ಅರ್ಧ ಗಂಟೆಯ, ಒಮ್ಮೆ ಮಾತ್ರ ಮಾಡುವ ಆನ್‌ಲೈನ್ ಚಟುವಟಿಕೆ. ಬೇಜಾರು ಹೋಗಲಿ, ಆಮೇಲೆ ಏನಾದರೂ ಮಾಡೋಣ ಎಂದು ಕಾಯುವ ಬದಲು ಸಣ್ಣದೊಂದು ಕೆಲಸಕ್ಕೆ ಕೈ ಹಾಕಿದರೆ ಬೇಜಾರೇ ಹಗುರಾಗುತ್ತದೆ ಎಂಬುದನ್ನು ಮಿದುಳಿನ ವಿಜ್ಞಾನ ಮತ್ತು ಓರಗೆಯವರ ಕತೆಗಳ ಮೂಲಕ ಅದು ತಿಳಿಸುತ್ತದೆ. ಕಲಿತದ್ದನ್ನು ತನ್ನಂತೆಯೇ ಕಷ್ಟದಲ್ಲಿರುವ ಇನ್ನೊಬ್ಬರಿಗೆ ಸಲಹೆಯಾಗಿ ಬರೆಯಲೂ ಹೇಳುತ್ತದೆ. ಮೂರು ತಿಂಗಳ ನಂತರ, ಬರೀ ಸಾಂತ್ವನದ ಚಟುವಟಿಕೆ ಮಾಡಿದವರಿಗಿಂತ ಇವರಲ್ಲಿ ಖಿನ್ನತೆಯ ಲಕ್ಷಣಗಳು ಕಡಿಮೆಯಾಗಿದ್ದವು. ಪರಿಣಾಮ ಸಣ್ಣದೇ. ಆದರೆ ಅರ್ಧ ಗಂಟೆಗೆ, ಖರ್ಚಿಲ್ಲದೆ, ಸರದಿ ಕಾಯದೆ ಸಿಕ್ಕ ಪರಿಣಾಮ ಅದು. 2022ರಲ್ಲಿ ಫಲಿತಾಂಶ ‘ನೇಚರ್ ಹ್ಯೂಮನ್ ಬಿಹೇವಿಯರ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ನಾರ್ವೆ ಸರ್ಕಾರದ ‘ಉಂಗ್’ ತಾಣ ಇನ್ನೂ ಸರಳ. ಹದಿಹರೆಯದವರು ಹೆಸರು ಹೇಳದೆ ಪ್ರಶ್ನೆ ಬರೆಯುತ್ತಾರೆ, ವಿಷಯ ಬಲ್ಲವರು ಉತ್ತರಿಸುತ್ತಾರೆ, ಉತ್ತರ ಎಲ್ಲರಿಗೂ ಕಾಣುವಂತೆ ಉಳಿಯುತ್ತದೆ. ಮುಂದೆ ಅದೇ ದಿಗಿಲಲ್ಲಿ ಬಂದವರಿಗೆ, ಈ ಪ್ರಶ್ನೆ ತಮ್ಮೊಬ್ಬರದೇ ಅಲ್ಲವೆಂದು ಓದಿದ ಕೂಡಲೇ ತಿಳಿಯುತ್ತದೆ.

ಹೆಸರು ಕೇಳದಿರುವುದಕ್ಕೆ ನಮ್ಮಲ್ಲಿ ಇನ್ನೊಂದು ಬಲವಾದ ಕಾರಣವಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರೆಲ್ಲರನ್ನೂ ಮಕ್ಕಳೆಂದೇ ಪರಿಗಣಿಸುತ್ತದೆ. ಅವರ ವೈಯಕ್ತಿಕ ಮಾಹಿತಿ ಬಳಸಲು ಸಾಮಾನ್ಯವಾಗಿ ತಂದೆತಾಯಿಯ ಒಪ್ಪಿಗೆ ಬೇಕು ಎನ್ನುತ್ತದೆ. ಮಕ್ಕಳ ರಕ್ಷಣೆಗೆ ಇದು ಅಗತ್ಯವೇ. ಆದರೆ ಮನೆಯಲ್ಲಿ ಹೇಳಲಾಗದ್ದನ್ನೇ ಕೇಳಬಂದ ಮಗುವಿಗೆ ಲಾಗಿನ್ ಪುಟವೇ ಗೋಡೆಯಾಗುತ್ತದೆ. ಓದಲು, ವಿಡಿಯೋ ನೋಡಲು, ಸಣ್ಣ ಅಭ್ಯಾಸ ಮಾಡಿ ನೋಡಲು ಹೆಸರು, ನಂಬರು ಬೇಕಿಲ್ಲ. ತಾಣವನ್ನು ಹಾಗೆ ಕಟ್ಟಿದರೆ ಗೋಡೆಯ ಪ್ರಶ್ನೆಯೇ ಬರುವುದಿಲ್ಲ.

ಕರ್ನಾಟಕದಲ್ಲಿ ಒದಗುವ ನೆರವು ಕಡಿಮೆಯೇನಲ್ಲ. 2022ರ ಅಕ್ಟೋಬರ್ 10ರಂದು ಶುರುವಾದ ‘ಟೆಲಿ ಮಾನಸ್’ ಸಹಾಯವಾಣಿಗೆ ನಿಮ್ಹಾನ್ಸೇ ಕೇಂದ್ರ. 14416ಕ್ಕೆ ಕರೆ ಮಾಡಿದರೆ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ನಿಮ್ಹಾನ್ಸ್ ಮತ್ತು ರಾಜ್ಯದ ಯುವಜನ ಇಲಾಖೆ ಸೇರಿ ನಡೆಸುವ ‘ಯುವ ಸ್ಪಂದನ’ ಯೋಜನೆಯಿದೆ, ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿ ‘ಸ್ನೇಹ ಕ್ಲಿನಿಕ್’ಗಳಿವೆ. ಇವುಗಳ ಹೆಸರು ಬೇಕಾದ ಹೊತ್ತಿನಲ್ಲಿ ಮಕ್ಕಳ ಕಣ್ಣಿಗೆ ಬೀಳುವಂತೆ ಮಾಡುವುದೇ ಉಳಿದ ಕೆಲಸ. ಎಸ್ಸೆಸ್ಸೆಲ್ಸಿ ಫಲಿತಾಂಶ ನೋಡುವ ಪುಟದಲ್ಲಿ, ಅಂಕಗಳ ಕೆಳಗೇ, 14416 ದಪ್ಪಕ್ಷರದಲ್ಲಿರಬೇಕು. ಎರಡು ಕೋಣೆಯ ಮನೆಯಲ್ಲಿ ಫೋನಲ್ಲಿ ದನಿಯೆತ್ತಿ ಮಾತಾಡಲಾಗದವರಿಗೆ ಬರೆದು ಕೇಳುವ ದಾರಿಯನ್ನೂ ಅಲ್ಲೇ ತೋರಿಸಬೇಕು. ‘ಹತ್ತಿರದ ಆಸ್ಪತ್ರೆಗೆ ಹೋಗಿ’ ಎಂದಷ್ಟೇ ಹೇಳಿದರೆ ಹದಿನೈದರ ಹುಡುಗ ಹೊರರೋಗಿ ಚೀಟಿಯ ಸಾಲಿನಿಂದಲೇ ವಾಪಸಾಗುತ್ತಾನೆ. ಸ್ನೇಹ ಕ್ಲಿನಿಕ್ ತಾಲ್ಲೂಕು ಆಸ್ಪತ್ರೆಯ ಯಾವ ಕೋಣೆಯಲ್ಲಿದೆ, ಯಾವ ವಾರ ಎಷ್ಟು ಗಂಟೆಗೆ ತೆರೆದಿರುತ್ತದೆ, ಒಳಗೆ ಯಾರು ಕೂತಿರುತ್ತಾರೆ, ಅವರು ಮೊದಲು ಏನು ಕೇಳುತ್ತಾರೆ ಎಂಬಷ್ಟನ್ನು ಅವನು ಮನೆಯಿಂದ ಹೊರಡುವ ಮೊದಲೇ ಓದಿಕೊಂಡಿರುವಂತಾಗಬೇಕು.